ಎಂಟು ಅಕ್ಷರದ ಜಾತಕ: ಚೈನೀಸ್ ಕುಂಡಲಿ ಒಳಗೆ ಅಡಗಿರೋದನ್ನ ಓದೋದು ಹೇಗೆ

ಫೆಬ್ರವರಿ ಕೊನೇಲಿ ನಮ್ಮಕ್ಕನ ಮಗಳು ಸಿಂಗಪುರದಿಂದ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ಲು. ಅವಳಿಗೆ ಆ ತಿಂಗಳು 10ನೇ ತಾರೀಖು ರಾತ್ರಿ 8:40ಕ್ಕೆ ಹೆಣ್ಣು ಮಗು ಆಗಿತ್ತು. ಪಕ್ಕದ ಫ್ಲಾಟಿನ ಚೈನೀಸ್ ಅಜ್ಜಿ ಮಗು ನೋಡೋಕೆ ಬಂದವರು "ಹಾವಿನ ವರ್ಷದ ಕೂಸು, ಕುದುರೆ ವರ್ಷಕ್ಕೆ ಇನ್ನೊಂದೇ ವಾರ ಇತ್ತು" ಅಂದ್ರಂತೆ, ಇವಳು ಕುತೂಹಲಕ್ಕೆ ಒಂದು ಆಪ್‌ನಲ್ಲಿ ಹುಟ್ಟಿದ ಟೈಮ್ ಹಾಕಿ ನೋಡಿದ್ರೆ ಅಲ್ಲಿ ಕುದುರೆ ಅಂತ ಬಂದಿದೆ. ಜೊತೆಗೆ ಎಂಟು ಚೀನೀ ಅಕ್ಷರ, ಕೆಳಗೊಂದು ಲೆಕ್ಕ: ಬೆಂಕಿ 3, ಮರ 3, ಲೋಹ 1, ಮಣ್ಣು 1, ನೀರು 0. ಅದರ ಕೆಳಗೆ ಕೆಂಪಕ್ಷರದಲ್ಲಿ ನೀರಿನ ಕೊರತೆ ಇದೆ ಅಂತ. "ಚಿಕ್ಕಿ, ನೀರು ಸೊನ್ನೆ ಅಂದ್ರೆ ಏನು? ಮಗು ಹಾವೋ ಕುದುರೆಯೋ? ನೀನು ಇದನ್ನೆಲ್ಲ ಓದ್ತಿರ್ತೀಯಲ್ಲ, ಸ್ವಲ್ಪ ಬಿಡಿಸಿ ಹೇಳು" ಅಂತ ಮೆಸೇಜು.

ಈ ವರ್ಷ ಇದನ್ನ ಕೇಳ್ತಿರೋಳು ಅವಳೊಬ್ಬಳೇ ಅಲ್ಲ. 2026 ಅಂದ್ರೆ ಅರವತ್ತು ವರ್ಷಕ್ಕೊಮ್ಮೆ ಬರೋ "ಬೆಂಕಿ ಕುದುರೆ" ವರ್ಷ, ಅದರ ರೀಲ್ಸು ಎಲ್ಲರ ಫೋನಿಗೂ ಬಂದಿದೆ, ಆದ್ರೆ ಅದರ ಹಿಂದಿರೋ ಲೆಕ್ಕ ಏನು ಅಂತ ಕನ್ನಡದಲ್ಲಿ ಬಿಡಿಸಿ ಹೇಳೋರು ಕಡಿಮೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ನಿಧಾನವಾಗಿ ಬರೀತಿದೀನಿ, ಅದೇ ಮಗುವಿನ ಜಾತಕ ಇಟ್ಕೊಂಡು. ಇದು ನಿಜಾನಾ ಸುಳ್ಳಾ ಅನ್ನೋ ಪ್ರಶ್ನೆ ಕೊನೇಲಿ ಬರತ್ತೆ, ಮೊದಲು ಇದನ್ನ ನಂಬೋರು ಹೇಗೆ ಓದ್ತಾರೆ ಅಂತ ಅರ್ಥ ಆಗ್ಲಿ.

ಎಂಟು ಅಕ್ಷರ ಅಂದ್ರೆ ಏನು

ಚೈನೀಸ್ ಜ್ಯೋತಿಷ್ಯ ಅಂದ ತಕ್ಷಣ ನಮಗೆ ಹೊಳೆಯೋದು ಹನ್ನೆರಡು ಪ್ರಾಣಿ. ನೀವು ಇಲಿ, ನಾನು ಹಂದಿ, ಇಷ್ಟೇ. ಅದು ಪೂರ್ತಿ ಜಾತಕದ ಎಂಟನೇ ಒಂದು ಭಾಗ. ಪೂರ್ತಿ ಜಾತಕಕ್ಕೆ ಬಾಝಿ ಅಂತಾರೆ, ಬಾ ಅಂದ್ರೆ ಎಂಟು, ಝಿ ಅಂದ್ರೆ ಅಕ್ಷರ. ಹುಟ್ಟಿದ ವರ್ಷ, ತಿಂಗಳು, ದಿನ, ಹೊತ್ತು ಈ ನಾಲ್ಕಕ್ಕೂ ಎರಡೆರಡು ಅಕ್ಷರ, ಒಂದರ ಮೇಲೊಂದು ನಿಲ್ಲಿಸಿದ್ರೆ ನಾಲ್ಕು ಕಂಬ. ಅದಕ್ಕೇ ನಾಲ್ಕು ಕಂಬದ ಜಾತಕ ಅಂತಾನೂ ಹೆಸರು.

ನಮ್ಮ ಕುಂಡಲಿ ನೋಡಿ ಅಭ್ಯಾಸ ಇರೋರು ಇಲ್ಲೊಂದು ಗಮನಿಸ್ಬೇಕು. ಇದರಲ್ಲಿ ಶನಿ ಇಲ್ಲ, ರಾಹು ಇಲ್ಲ, ಲಗ್ನ ಇಲ್ಲ. ಆಕಾಶದಲ್ಲಿ ಯಾವ ಗ್ರಹ ಎಲ್ಲಿತ್ತು ಅಂತ ಬಾಝಿ ಕೇಳೋದೇ ಇಲ್ಲ, ಇದು ಪೂರ್ತಿ ಕ್ಯಾಲೆಂಡರಿನ ಲೆಕ್ಕ. ಹಾಗಂತ ಗ್ರಹಗಳ ವಿದ್ಯೆ ಚೀನಾಕ್ಕೆ ಗೊತ್ತಿರಲಿಲ್ಲ ಅಂತಲ್ಲ. ಟ್ಯಾಂಗ್ ರಾಜರ ಕಾಲದಲ್ಲಿ, 718ರಲ್ಲಿ, ಅಲ್ಲಿನ ಖಗೋಳ ಇಲಾಖೆಯಲ್ಲಿದ್ದ ಭಾರತೀಯ ಮೂಲದ ಗೌತಮ ಸಿದ್ಧ ಅನ್ನೋರು ನಮ್ಮ ನವಗ್ರಹ ಗಣಿತವನ್ನ ಚೀನೀ ಭಾಷೆಗೆ ತಂದಿದ್ರು, ಚೀನೀಯರು ಅವರನ್ನ ಚುತಾನ್ ಶಿದಾ ಅಂತ ಕರೀತಿದ್ರು. ಆದ್ರೆ ಬಾಝಿ ಮಾತ್ರ ತನ್ನ ಹಳೇ ದಾರೀಲೇ ಬೆಳೀತು.

ಮೇಲೆ ಹತ್ತು, ಕೆಳಗೆ ಹನ್ನೆರಡು

ಪ್ರತಿ ಕಂಬದ ಮೇಲಿನ ಅಕ್ಷರಕ್ಕೆ ಕಾಂಡ ಅಂತ, ಕೆಳಗಿನದಕ್ಕೆ ಕೊಂಬೆ ಅಂತ ಹೆಸರು. ಕೊಂಬೆಗಳು ಹನ್ನೆರಡು, ಅವೇ ನಮಗೆ ಗೊತ್ತಿರೋ ಪ್ರಾಣಿಗಳು: ಇಲಿ, ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಆಡು, ಕೋತಿ, ಕೋಳಿ, ನಾಯಿ, ಹಂದಿ. ಕಾಂಡಗಳು ಹತ್ತು. ಮರ, ಬೆಂಕಿ, ಮಣ್ಣು, ಲೋಹ, ನೀರು ಅನ್ನೋ ಐದು ತತ್ವಕ್ಕೂ ಒಂದು ಗಡಸು ರೂಪ, ಒಂದು ಮೆದು ರೂಪ, ಅದೇ ಯಾಂಗ್ ಮತ್ತು ಯಿನ್. ಚೀನೀ ಹೆಸರು ನೆನಪಲ್ಲಿ ಉಳಿಯೋದು ಕಷ್ಟ, ಆದ್ರೆ ಅಲ್ಲಿನ ಗುರುಗಳೇ ಪಾಠ ಹೇಳುವಾಗ ಚಿತ್ರ ಕೊಡ್ತಾರೆ, ಅದನ್ನೇ ಹಿಡ್ಕೊಳ್ಳೋಣ. ಮರ ಅಂದ್ರೆ ಹೆಮ್ಮರ ಮತ್ತು ಬಳ್ಳಿ. ಬೆಂಕಿ ಅಂದ್ರೆ ಸೂರ್ಯ ಮತ್ತು ದೀಪ. ಮಣ್ಣಿಗೆ ಬೆಟ್ಟ ಮತ್ತು ಹೊಲ. ಲೋಹಕ್ಕೆ ಕೊಡಲಿ ಮತ್ತು ಒಡವೆ. ನೀರಿಗೆ ಹೊಳೆ ಮತ್ತು ಮಳೆ.

ಹತ್ತು ಹಲ್ಲಿನ ಚಕ್ರ ಒಂದು, ಹನ್ನೆರಡು ಹಲ್ಲಿನ ಚಕ್ರ ಇನ್ನೊಂದು, ಎರಡೂ ಒಟ್ಟಿಗೆ ಒಂದೊಂದೇ ಹಲ್ಲು ತಿರುಗ್ತಾ ಹೋದ್ರೆ ಶುರುವಾದ ಜೋಡಿ ಮತ್ತೆ ಸಿಗೋದು ಅರವತ್ತು ಹಲ್ಲು ತಿರುಗಿದ ಮೇಲೆ. ಈ ಅರವತ್ತರ ಎಣಿಕೆ ತುಂಬ ಹಳೇದು, ಮೂರು ಸಾವಿರ ವರ್ಷದ ಹಿಂದಿನ ಶಾಂಗ್ ರಾಜರ ಕಾಲದ ಮೂಳೆ ಮೇಲಿನ ಬರಹಗಳಲ್ಲೇ ದಿನಗಳನ್ನ ಹೀಗೆ ಎಣಿಸಿದಾರೆ. ನಮ್ಮ ಪ್ರಭವ, ವಿಭವ ಅಂತ ಶುರುವಾಗೋ ಅರವತ್ತು ಸಂವತ್ಸರ ನೆನಪಾಯ್ತಾ? ನಮ್ಮದು ಗುರುಗ್ರಹದ ಚಲನೆಗೆ ಅಂಟಿಕೊಂಡಿದ್ದು, ಅವರದ್ದು ಹತ್ತು ಹನ್ನೆರಡರ ಹೊಂದಾಣಿಕೆ, ಹುಟ್ಟು ಬೇರೆ. ಆದ್ರೂ ಎರಡೂ ಕಡೆ ಅರವತ್ತು ತುಂಬಿದ್ರೆ ಒಂದು ಪೂರ್ತಿ ಸುತ್ತು ಅಂತ ಲೆಕ್ಕ. ಈ ಯುಗಾದಿಗೆ ಬರೋ ಪರಾಭವ ಸಂವತ್ಸರದಲ್ಲಿ ಷಷ್ಟ್ಯಬ್ದಿ ಮಾಡ್ಕೊಳ್ಳೋ ನಮ್ಮೂರಿನ ಹಿರಿಯರು, ಅಂದ್ರೆ 1966ರಲ್ಲಿ ಹುಟ್ಟಿದೋರು ಬಹುತೇಕ ಎಲ್ಲ, ಚೈನೀಸ್ ಲೆಕ್ಕದಲ್ಲಿ ಬೆಂಕಿ ಕುದುರೆಗಳೇ.

ಹಾವಾ, ಕುದುರೆಯಾ

ಅಜ್ಜಿ ಹೇಳಿದ್ದೂ ಸರಿ, ಆಪ್ ಹೇಳಿದ್ದೂ ಸರಿ. ನಮ್ಮಲ್ಲಿ ಘಟ್ಟದ ಮೇಲೆ ಚಾಂದ್ರಮಾನ ಯುಗಾದಿ, ತುಳುನಾಡಲ್ಲಿ ಸೌರಮಾನದ ಬಿಸು ಇಲ್ವಾ, ಹಾಗೇ. ಪಟಾಕಿ ಹೊಡೆದು ಕೆಂಪು ಲಕೋಟೆ ಕೊಡೋ ಚೈನೀಸ್ ಹೊಸ ವರ್ಷ ಚಂದ್ರನ ಲೆಕ್ಕದ್ದು, ಅದು ಈ ಸಲ ಫೆಬ್ರವರಿ 17ಕ್ಕೆ. ಬಾಝಿ ಹಾಕೋ ಹೆಚ್ಚಿನವರು ಹಿಡಿಯೋದು ಸೂರ್ಯನ ಲೆಕ್ಕ: ವರ್ಷ ಬದಲಾಗೋದು ಲಿಚುನ್ ಅನ್ನೋ ದಿನ, ಅಂದ್ರೆ ವಸಂತ ಶುರು, ಅದು ಹೆಚ್ಚುಕಡಿಮೆ ಪ್ರತಿ ವರ್ಷ ಫೆಬ್ರವರಿ 4ರ ಆಸುಪಾಸು. ತಿಂಗಳುಗಳೂ ಅಮಾವಾಸ್ಯೆಗೆ ಬದಲಾಗಲ್ಲ, ಸೂರ್ಯನ ಚಲನೆಯನ್ನ ವರ್ಷಕ್ಕೆ 24 ಭಾಗ ಮಾಡಿದಾರಲ್ಲ, ಅದರಲ್ಲಿ ಒಂದು ಬಿಟ್ಟು ಒಂದಕ್ಕೆ ಬದಲಾಗತ್ತೆ. ಹಾಗಾಗಿ ಫೆಬ್ರವರಿ 10ರ ಕೂಸು ಹಬ್ಬದ ಲೆಕ್ಕದಲ್ಲಿ ಹಾವು, ಬಾಝಿ ಲೆಕ್ಕದಲ್ಲಿ ಕುದುರೆ. ಜನವರಿ, ಫೆಬ್ರವರಿಯಲ್ಲಿ ಹುಟ್ಟಿದೋರೆಲ್ಲ ಇದನ್ನ ಒಂದ್ಸಲ ಚೆಕ್ ಮಾಡ್ಕೊಬೇಕು, ಎಷ್ಟೋ ಜನ ಬೇರೆ ಪ್ರಾಣಿಯ ಭವಿಷ್ಯ ಓದ್ಕೊಂಡು ಕೂತಿರ್ತಾರೆ.

ಈಗ ಮಗುವಿನ ನಾಲ್ಕು ಕಂಬ ಹೀಗೆ. ವರ್ಷ: ಸೂರ್ಯ, ಕೆಳಗೆ ಕುದುರೆ. ತಿಂಗಳು: ಕೊಡಲಿ, ಕೆಳಗೆ ಹುಲಿ. ದಿನ: ಬಳ್ಳಿ, ಕೆಳಗೆ ಮೊಲ. ಹೊತ್ತು: ಸೂರ್ಯ, ಕೆಳಗೆ ನಾಯಿ. ದಿನಕ್ಕೆ ಹನ್ನೆರಡು ಹೊತ್ತು, ಒಂದೊಂದು ಎರಡು ಗಂಟೆ, ನಮ್ಮ ಲೆಕ್ಕದಲ್ಲಿ ಐದು ಘಳಿಗೆ. ಸಂಜೆ 7ರಿಂದ 9 ನಾಯಿ ಹೊತ್ತು.

ಪಂಚಭೂತ ಅಲ್ಲ

ಐದು ತತ್ವ ಅಂದ ಕೂಡ್ಲೇ ನಮ್ಮ ಪಂಚಭೂತ ಅಂದ್ಕೊಂಡ್ರೆ ತಪ್ಪಾಗತ್ತೆ. ಇಲ್ಲಿ ಗಾಳಿ ಇಲ್ಲ, ಆಕಾಶ ಇಲ್ಲ, ಮರ ಮತ್ತು ಲೋಹ ಇವೆ. ಇವು ವಸ್ತುಗಳೂ ಅಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗೋ ನಡೆಗಳು. ಕಟ್ಟಿಗೆ ಬೆಂಕಿಗೆ ಊಟ, ಬೆಂಕಿ ಆರಿದ್ರೆ ಬೂದಿ ಅಂದ್ರೆ ಮಣ್ಣು, ಮಣ್ಣಲ್ಲಿ ಅದಿರು, ತಣ್ಣಗಿನ ತಾಮ್ರದ ಚೊಂಬಿನ ಮೈಮೇಲೆ ಹನಿ ಕೂರೋ ಹಾಗೆ ಲೋಹದಿಂದ ನೀರು, ನೀರಿಂದ ಮತ್ತೆ ಮರ. ಇದು ಹೆರೋ ಸುತ್ತು. ಹಿಡಿತದ ಸುತ್ತು ಇನ್ನೊಂದು: ಬೇರು ಮಣ್ಣನ್ನ ಹಿಡಿಯತ್ತೆ, ಕೆರೆ ಏರಿ ನೀರನ್ನ ಹಿಡಿಯತ್ತೆ, ನೀರು ಬೆಂಕಿ ಆರಿಸತ್ತೆ, ಕುಲುಮೆ ಲೋಹವನ್ನ ಕರಗಿಸತ್ತೆ, ಕೊಡಲಿ ಮರ ಕಡಿಯತ್ತೆ. ಮುಂದೆ ಬರೋದೆಲ್ಲ ಈ ಎರಡು ಸುತ್ತಿನ ಆಟವೇ.

ಎಂಟರಲ್ಲಿ "ನಾನು" ಯಾರು

ದಿನದ ಕಂಬದ ಮೇಲಿನ ಅಕ್ಷರ "ನಾನು". ಹಿಂದೆ ಹಾಗಿರಲಿಲ್ಲ, ಟ್ಯಾಂಗ್ ಕಾಲದ ಲಿ ಶುಝೋಂಗ್ ಅನ್ನೋರ ಹೆಸರಿಗೆ ಹಚ್ಚೋ ಹಳೇ ಪದ್ಧತೀಲಿ ವರ್ಷವೇ ಮುಖ್ಯ. ಆಮೇಲೆ ದಿನದ ಅಕ್ಷರವನ್ನ ನಡುವಿಗೆ ತಂದೋರು ಶು ಝಿಪಿಂಗ್ ಅಂತ ಪರಂಪರೆ ಹೇಳತ್ತೆ, ಇವತ್ತಿಗೂ ಈ ವಿಧಾನಕ್ಕೆ ಅವರದ್ದೇ ಹೆಸರು. ವರ್ಷ ಅಂದ್ರೆ ಅಜ್ಜ ಅಜ್ಜಿ, ಹುಟ್ಟಿದ ಮನೆತನ. ತಿಂಗಳು ಅಂದ್ರೆ ಅಪ್ಪ ಅಮ್ಮ, ಬೆಳೆಯೋ ವಾತಾವರಣ. ದಿನದ ಮೇಲಿನದು ನಾನು, ಕೆಳಗಿನದು ಸಂಗಾತಿ. ಹೊತ್ತು ಅಂದ್ರೆ ಮಕ್ಕಳು, ಮುಪ್ಪು.

ನಮ್ಮ ಮಗು ಬಳ್ಳಿ. ಉಳಿದ ಏಳು ಅಕ್ಷರಕ್ಕೆ ಅರ್ಥ ಬರೋದು ಈ ಬಳ್ಳಿಗೆ ಅವು ಏನಾಗ್ಬೇಕು ಅನ್ನೋದರಿಂದ. ಸಂಬಂಧ ಇದ್ದ ಹಾಗೆ ಇದು, ಒಬ್ಬನೇ ಮನುಷ್ಯ ನಿಮಗೆ ಅಪ್ಪ, ನಿಮ್ಮ ಅತ್ತಿಗೆಗೆ ಮಾವ, ನಿಮ್ಮ ಮಕ್ಕಳಿಗೆ ತಾತ, ಆಸಾಮಿ ಬದಲಾಗಿಲ್ಲ ನೋಡೋ ಜಾಗ ಬದಲಾಗಿದೆ. ಬಾಝಿಯಲ್ಲಿ ಇಂಥ ಹತ್ತು ಸಂಬಂಧಗಳಿವೆ, ಹತ್ತು ದೇವರು ಅಂತ ಕರೀತಾರೆ, ಪೂಜೆ ಮಾಡೋ ದೇವರಲ್ಲ, ಹಾಗೊಂದು ಹೆಸರು ಅಷ್ಟೇ. ನನ್ನನ್ನ ಹೆತ್ತು ಪೋಷಿಸೋದು ಆಸರೆ. ನಾನು ಹೆರೋದು ನನ್ನ ಮಾತು, ಕಲೆ, ಪ್ರತಿಭೆ. ನಾನು ಹಿಡಿತದಲ್ಲಿ ಇಟ್ಕೊಳ್ಳೋದು ಸಂಪತ್ತು. ನನ್ನನ್ನ ಹಿಡಿತದಲ್ಲಿ ಇಡೋದು ಅಧಿಕಾರ, ಶಿಸ್ತು. ನನ್ನದೇ ತತ್ವ ಅಂದ್ರೆ ಒಡಹುಟ್ಟಿದೋರು, ಗೆಳೆಯರು, ಪೈಪೋಟಿಯೋರು. ಐದಕ್ಕೂ ಗಡಸು ಮೆದು ಸೇರಿ ಹತ್ತು.

ಬಳ್ಳಿಗೆ ಸೂರ್ಯ ಅಂದ್ರೆ ತಾನು ಹೆತ್ತ ಬೆಂಕಿ, ಅದರಲ್ಲೂ ಖಾರವಾದ ಜಾತಿ, ಅದರ ಹೆಸರೇ "ಅಧಿಕಾರಿಗೆ ಗಾಯ ಮಾಡೋದು". ಬಳ್ಳಿಗೆ ಕೊಡಲಿ ಅಂದ್ರೆ ಅಧಿಕಾರಿ. ಎಡಕ್ಕೂ ಬಲಕ್ಕೂ ಎರಡು ಸೂರ್ಯ, ನಡುವೆ ಒಂದು ಕೊಡಲಿ. ಹಳೇ ಓದಿನಲ್ಲಿ ಇದಕ್ಕೆ ದೊಡ್ಡ ಎಚ್ಚರಿಕೆ ಇದೆ, ಮೇಲಿನೋರ ಜೊತೆ ಜಗಳ ಅಂತ. ಈಗಿನ ಬಹಳಷ್ಟು ಜನ ಅದನ್ನೇ ನೇರ ಮಾತು, ಯಾರ ಮುಲಾಜಿಗೂ ಬೀಳದ ಸ್ವಭಾವ ಅಂತ ಓದ್ತಾರೆ. ಹೆಣ್ಣಿನ ಜಾತಕದಲ್ಲಿ ಅಧಿಕಾರಿಯ ಅಕ್ಷರವನ್ನ ಗಂಡ ಅಂತಾನೂ ಹಿಂದಿನೋರು ಓದ್ತಿದ್ರು. ಆ ನಿಯಮಗಳು ಬರೆದ ಕಾಲದಲ್ಲಿ ಹೆಣ್ಣಿಗೆ ಕೆಲಸ, ಹುದ್ದೆ ಅಂತ ಬೇರೆ ಇರಲಿಲ್ಲ, ಓದುವಾಗ ಇದು ನೆನಪಿರ್ಬೇಕು.

ಪ್ರಾಣಿ ಹೊಟ್ಟೆಯೊಳಗಿನ ವಠಾರ

ಆಪ್ ಎಣಿಸಿದ್ದು ಹೊರಗೆ ಕಾಣೋ ಎಂಟನ್ನ. ಬಾಝಿ ಕಲಿಯೋರು ಮೊದಲು ಬಾಯಿಪಾಠ ಮಾಡೋದು ಒಳಗಿರೋದನ್ನ. ಪ್ರತಿ ಪ್ರಾಣಿಯೂ ಒಂದು ವಠಾರ ಅಂದ್ಕೊಳ್ಳಿ. ಗೇಟಿನ ಮೇಲೆ ಒಂದು ಹೆಸರು, ಒಳಗೆ ಒಬ್ರೋ ಇಬ್ರೋ ಮೂವರೋ ವಾಸ ಇದಾರೆ. ಆ ವಾಸ ಇರೋರು ಯಾರು ಅಂದ್ರೆ ಮೇಲಿನ ಹತ್ತು ಕಾಂಡಗಳೇ, ಅದಕ್ಕೆ ಅಡಗಿದ ಕಾಂಡ ಅಂತ ಹೆಸರು. ಇಲಿ, ಮೊಲ, ಕೋಳಿ ಈ ಮೂರರಲ್ಲಿ ಒಬ್ಬೊಬ್ರೇ. ಕುದುರೆ, ಹಂದಿಯಲ್ಲಿ ಇಬ್ಬಿಬ್ರು. ಉಳಿದ ಏಳರಲ್ಲಿ ಮೂವರು ಮೂವರು, ಒಬ್ಬ ಮನೆ ಯಜಮಾನ, ಇನ್ನಿಬ್ರು ಬಾಡಿಗೆಯೋರು, ಅವರ ಬಲ ಕಡಿಮೆ.

ಮಗುವಿನ ನಾಲ್ಕು ವಠಾರದ ಬಾಗಿಲು ತೆಗೀರಿ. ಮೊಲದಲ್ಲಿ ಬರೀ ಬಳ್ಳಿ. ಕುದುರೆಯಲ್ಲಿ ದೀಪ ಮತ್ತು ಹೊಲ. ಹುಲಿಯಲ್ಲಿ ಹೆಮ್ಮರ ಯಜಮಾನ, ಜೊತೆಗೆ ಸೂರ್ಯ, ಬೆಟ್ಟ. ನಾಯಿಯಲ್ಲಿ ಬೆಟ್ಟ ಯಜಮಾನ, ಜೊತೆಗೆ ಒಡವೆ, ದೀಪ. ಅಂದ್ರೆ ಆಪ್ ಮಣ್ಣು ಅಂತ ಎಣಿಸಿದ ನಾಯಿ ಒಳಗೆ ಬೆಂಕಿ ಕೂತಿದೆ. ಇದಕ್ಕೆ ನಮ್ಮಲ್ಲಿ ಮಾತೇ ಇದೆ, ಬೂದಿ ಮುಚ್ಚಿದ ಕೆಂಡ. ರಾತ್ರಿ ಒಲೆ ಆರಿಸುವಾಗ ನಮ್ಮಜ್ಜಿ ಕೆಂಡದ ಮೇಲೆ ಬೂದಿ ಎಳೆದು ಮಲಗ್ತಿದ್ರು, ಬೆಳಿಗ್ಗೆ ಕೆದಕಿ ಊದಿದ್ರೆ ಬೆಂಕಿ ತಯಾರು. ಚೀನೀಯರು ನಾಯಿಯನ್ನ ಬೆಂಕಿಯ ಉಗ್ರಾಣ ಅಂತ ಕರೆಯೋದು ಸರಿಯಾಗಿ ಇದನ್ನೇ. ಡ್ರ್ಯಾಗನ್ ನೀರಿನ ಉಗ್ರಾಣ, ಎತ್ತು ಲೋಹದ್ದು, ಆಡು ಮರದ್ದು. ನಾಲ್ಕೂ ಹೊರಗಿಂದ ಮಣ್ಣು, ಒಳಗೆ ಕಳೆದ ಋತುವಿನ ಉಳಿಕೆ.

ಹೊರಗಿನ ನಾಲ್ಕು ಕಾಂಡ, ಒಳಗಿನ ಒಂಬತ್ತು, ಒಟ್ಟು ಹದಿಮೂರು ಎಣಿಸಿ ನೋಡಿ: ಬೆಂಕಿ 5, ಮರ 3, ಮಣ್ಣು 3, ಲೋಹ 2, ನೀರು 0. ಆಪ್ ಬೆಂಕಿ ಮತ್ತು ಮರ ಸಮ ಸಮ ಅಂದಿತ್ತು, ಒಳಗಿನ ಲೆಕ್ಕದಲ್ಲಿ ಅದು ಸಮ ಅಲ್ಲ. ಒಂಟಿಯಾಗಿ ಕಾಣ್ತಿದ್ದ ಕೊಡಲಿಗೂ ನಾಯಿ ಹೊಟ್ಟೇಲಿ ಒಡವೆ ರೂಪದಲ್ಲಿ ಒಂದು ತೆಳ್ಳನೆ ಬೇರು ಸಿಕ್ತು. ಹೊರಗೆ ಕಾಣೋದಕ್ಕೆ ಒಳಗೆ ಬೇರು ಇದ್ರೆ ಅದು ಗಟ್ಟಿ, ಇಲ್ದಿದ್ರೆ ತೇಲೋದು, ಇದು ಓದಿನ ಮೊದಲ ಸೂತ್ರ. ಇನ್ನೊಂದು ಸೂತ್ರ ಇದರ ತಿರುವು: ತಿಂಗಳ ಪ್ರಾಣಿ ಒಳಗಿರೋದು ಹೊರಗೆ ತಲೆ ಹಾಕಿದ್ರೆ ಇಡೀ ಜಾತಕಕ್ಕೆ ಅದೇ ಸ್ವರೂಪ ಕೊಡತ್ತೆ. ಇಲ್ಲಿ ಹುಲಿ ಒಳಗಿನ ಸೂರ್ಯ ಒಂದಲ್ಲ ಎರಡು ಕಡೆ ಹೊರಗೆ ಬಂದಿದಾನೆ. ಹಾಗಾಗಿ ಇದು ಸೂರ್ಯನ ಸ್ವರೂಪದ ಜಾತಕ, ಮಾತು ಮತ್ತು ಪ್ರತಿಭೆ ಮುಂದೆ ನುಗ್ಗೋ ಜಾತಕ ಅಂತ ಓದ್ತಾರೆ.

ಮೂರು ಪ್ರಾಣಿ ಸೇರಿದಾಗ

ನನಗೆ ಈ ವಿದ್ಯೇಲಿ ಅತಿ ಇಷ್ಟ ಆಗೋ ಭಾಗ ಇದು. ಹುಲಿ, ಕುದುರೆ, ನಾಯಿ ಒಟ್ಟಿಗೆ ಬಂದ್ರೆ ಬೆಂಕಿಯ ಕೂಟ ಅಂತಾರೆ. ಕೇಳೋಕೆ ಕತೆ ಅನ್ಸತ್ತೆ, ಹುಲಿಗೂ ನಾಯಿಗೂ ಏನು ಸ್ನೇಹ ಅಂತ. ಒಳಗೆ ನೋಡಿದ್ರೆ ಗುಟ್ಟು ಬಿಚ್ಚಿಕೊಳ್ಳತ್ತೆ: ಹುಲಿ ಒಳಗೆ ಸೂರ್ಯ, ಕುದುರೆ ಒಳಗೆ ದೀಪ, ನಾಯಿ ಒಳಗೂ ದೀಪ. ಮೂರರಲ್ಲೂ ಬೆಂಕಿ ಇದೆ. ವಸಂತದ ಮೊದಲ ತಿಂಗಳು ಹುಲಿ, ಅಲ್ಲಿ ಬೆಂಕಿ ಹುಟ್ಟತ್ತೆ, ನಡುಬೇಸಿಗೆಯ ಕುದುರೆಯಲ್ಲಿ ಉರಿಯತ್ತೆ, ಶರದೃತು ಕೊನೆಯ ನಾಯಿಯಲ್ಲಿ ಕೆಂಡವಾಗಿ ಮಲಗತ್ತೆ. ಒಂದೇ ಬೆಂಕಿಯ ಹುಟ್ಟು, ಹರೆಯ, ಮುಪ್ಪು. ಕೋತಿ, ಇಲಿ, ಡ್ರ್ಯಾಗನ್ ತೆಗೆದು ನೋಡಿ, ಮೂರರಲ್ಲೂ ನೀರು. ಹಾವು, ಕೋಳಿ, ಎತ್ತಿನಲ್ಲಿ ಲೋಹ. ಹಂದಿ, ಮೊಲ, ಆಡಿನಲ್ಲಿ ಮರ. ಹನ್ನೆರಡು ಪ್ರಾಣಿಯೂ ಹೀಗೆ ನಾಲ್ಕು ಕುಟುಂಬದಲ್ಲಿ ಕೂತ್ಬಿಡತ್ತೆ, ಒಂದೂ ಮಿಗಲ್ಲ.

ಈ ಮಗುವಿಗೆ ಆ ಕೂಟ ಪೂರ್ತಿ ಇದೆ, ವರ್ಷದ ಕುದುರೆ, ತಿಂಗಳ ಹುಲಿ, ಹೊತ್ತಿನ ನಾಯಿ. ಮೊಲ ನಾಯಿ ಜೋಡಿಯೂ ಇನ್ನೊಂದು ಹೊಂದಾಣಿಕೆ, ಅದೂ ಬೆಂಕಿ ಕಡೆಗೇ ವಾಲತ್ತೆ. ಮೇಲಿನ ಸಾಲಲ್ಲಿ ಬಳ್ಳಿ ಮತ್ತು ಕೊಡಲಿ ಕೂಡ ಒಂದು ಜೋಡಿ, ಕೈ ಹಿಡ್ಕೊಳ್ಳೋ ಜೋಡಿ. ಕಾಲ ಕೂಡಿ ಬಂದ್ರೆ ಇಬ್ಬರೂ ಲೋಹವೇ ಆಗ್ಬಿಡ್ತಾರೆ ಅಂತ ನಿಯಮ, ಆದ್ರೆ ವಸಂತದ ತಿಂಗಳಲ್ಲಿ ಲೋಹಕ್ಕೆ ಬಲ ಇಲ್ಲ, ಹಾಗಾಗಿ ಕೈ ಹಿಡ್ಕೊಂಡು ನಿಲ್ತಾರೆ, ರೂಪ ಬದಲಾಗಲ್ಲ. ಎರಡು ಸೂರ್ಯರ ನಡುವೆ ಸಿಕ್ಕ ಅಧಿಕಾರಿಗೆ ಈ ಹಿಡಿತವೇ ರಕ್ಷಣೆ ಅಂತ ಹೇಳೋರೂ ಇದಾರೆ.

ಡಿಕ್ಕಿಗಳೂ ಇವೆ. ಹನ್ನೆರಡು ಪ್ರಾಣಿಯನ್ನ ಗಡಿಯಾರದ ಹಾಗೆ ಸುತ್ತ ಕೂರಿಸಿದ್ರೆ ಎದುರುಬದುರು ಬಂದದ್ದಕ್ಕೆ ಜಗಳ: ಇಲಿ ಕುದುರೆ, ಮೊಲ ಕೋಳಿ, ಹುಲಿ ಕೋತಿ, ಹೀಗೆ ಆರು. ಇದಕ್ಕೂ ಕಾರಣ ಒಳಗೇ ಇದೆ. ಹುಲಿಯಲ್ಲಿ ಹೆಮ್ಮರ ಮತ್ತು ಸೂರ್ಯ, ಕೋತಿಯಲ್ಲಿ ಕೊಡಲಿ ಮತ್ತು ಹೊಳೆ. ಕೊಡಲಿ ಮರಕ್ಕೆ, ಹೊಳೆ ಬೆಂಕಿಗೆ. ಹೊರಗಿನ ಪ್ರಾಣಿ ಹೆಸರು ಬರೀ ಗುರುತು, ಹೊಡೆದಾಟ ನಡೆಯೋದು ಹೊಟ್ಟೆ ಒಳಗೆ.

ಗಡಿಯಾರದ ಸಮಯ, ಸೂರ್ಯನ ಸಮಯ

ಇಡೀ ಬೆಂಕಿ ಕೂಟ ನಿಂತಿರೋದು ನಾಯಿ ಹೊತ್ತಿನ ಮೇಲೆ. ಆ ಹೊತ್ತು ಸರಿಯಾ ಅಂತ ನೋಡ್ಬೇಕಲ್ಲ. ಸಿಂಗಪುರದ ಗಡಿಯಾರ 120 ಡಿಗ್ರಿ ರೇಖಾಂಶದ್ದು, 1982ರಿಂದ ಹಾಗೆ, ಊರು ಇರೋದು ಸುಮಾರು 103.8ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದ ಹಾಗೆ 65 ನಿಮಿಷ ವ್ಯತ್ಯಾಸ. ಫೆಬ್ರವರಿ ಮಧ್ಯದಲ್ಲಿ ಸೂರ್ಯನ ಗಡಿಯಾರ ಇನ್ನೂ 14 ನಿಮಿಷ ಹಿಂದೆ ಓಡತ್ತೆ. ಒಟ್ಟು ಒಂದು ಗಂಟೆ 19 ನಿಮಿಷ. ಅಂದ್ರೆ ರಾತ್ರಿ 8:40 ಅಂದ್ರೆ ಸೂರ್ಯನ ಪ್ರಕಾರ 7:21. ನಾಯಿ ಹೊತ್ತೇ, ಬಚಾವ್.

ಅದೇ ಮಗು ಒಂದು ಗಂಟೆ ಮುಂಚೆ, 7:40ಕ್ಕೆ ಹುಟ್ಟಿದ್ರೆ? ಗಡಿಯಾರ ಆಗ್ಲೂ ನಾಯಿ ಅನ್ನತ್ತೆ, ಸೂರ್ಯ ಮಾತ್ರ 6:21, ಕೋಳಿ ಹೊತ್ತು. ನಾಯಿ ಹೋಯ್ತು, ಬೆಂಕಿ ಕೂಟ ಮುರೀತು, ಮೊಲದ ಪಕ್ಕದಲ್ಲೇ ಕೋಳಿ ಬಂದು ಡಿಕ್ಕಿ ಶುರು. ಒಂದೇ ಕೂಸು, ಎರಡು ಜಾತಕ. ಸೂರ್ಯನ ಸಮಯ ಹಿಡೀಬೇಕೋ ಗಡಿಯಾರದ್ದೋ ಅಂತ ಬಾಝಿಯೋರಲ್ಲೇ ಒಮ್ಮತ ಇಲ್ಲ. ದಿನ ಬದಲಾಗೋದು ರಾತ್ರಿ 11ಕ್ಕೋ 12ಕ್ಕೋ ಅನ್ನೋದ್ರಲ್ಲೂ ಇಲ್ಲ. ಚೀನಾದಲ್ಲಿ ಹುಟ್ಟಿದೋರಿಗೆ ತೊಡಕು ಇನ್ನೂ ಜಾಸ್ತಿ, ಅಷ್ಟು ದೊಡ್ಡ ದೇಶಕ್ಕೆಲ್ಲ ಬೀಜಿಂಗ್ ಟೈಮ್ ಒಂದೇ, ಪಶ್ಚಿಮದ ಉರುಂಚಿಯಲ್ಲಿ ಸೂರ್ಯ ಎರಡು ಗಂಟೆಗೂ ಹೆಚ್ಚು ಹಿಂದೆ, ಅದರ ಮೇಲೆ 1986ರಿಂದ 1991ರವರೆಗೆ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸ್ತಿದ್ರು. ನೀವು ಯಾರ ಹತ್ರನಾದ್ರೂ ತೋರಿಸಿದ್ರೆ ಮೊದಲು ಕೇಳ್ಬೇಕಾದ್ದು ಇದೇ, ಯಾವ ಸಮಯ ಹಿಡಿದಿದೀರಿ ಅಂತ.

ನೀರು ಯಾವಾಗ ಬರತ್ತೆ

ಹುಟ್ಟುಜಾತಕದಲ್ಲಿ ಇಲ್ಲ ಅಂದ್ರೆ ಯಾವತ್ತೂ ಇಲ್ಲ ಅಂತಲ್ಲ. ನಮ್ಮಲ್ಲಿ ದಶೆ ಇದ್ದ ಹಾಗೆ ಅವರಲ್ಲಿ ಹತ್ತು ಹತ್ತು ವರ್ಷದ ಭಾಗ್ಯಕಂಬಗಳು. ತಿಂಗಳ ಕಂಬದಿಂದ ಅರವತ್ತರ ಪಟ್ಟಿಯಲ್ಲಿ ಮುಂದಕ್ಕೋ ಹಿಂದಕ್ಕೋ ಎಣಿಸ್ತಾ ಹೋಗೋದು, ವರ್ಷದ ಕಾಂಡ ಗಡಸು ಇದ್ದು ಗಂಡಾದ್ರೆ ಮುಂದಕ್ಕೆ, ಹೆಣ್ಣಾದ್ರೆ ಹಿಂದಕ್ಕೆ. ಶುರು ಯಾವಾಗ ಅಂತ ನೋಡೋಕೆ ಹುಟ್ಟಿದ ಕ್ಷಣಕ್ಕೂ ಸೂರ್ಯನ ತಿಂಗಳ ಗಡಿಗೂ ಎಷ್ಟು ದಿನ ಅಂತ ಎಣಿಸಿ, ಮೂರು ದಿನಕ್ಕೆ ಒಂದು ವರ್ಷ. ಫೆಬ್ರವರಿ 4ರ ಬೆಳಗಿನ ಜಾವದಿಂದ 10ರ ರಾತ್ರಿಗೆ ಆರು ಮುಕ್ಕಾಲು ದಿನದ ಹತ್ರ, ಅಂದ್ರೆ ಎರಡು ವರ್ಷ ಚಿಲ್ಲರೆ.

ಹಾಗಾಗಿ ಎರಡನೇ ವಯಸ್ಸಿಂದ ಹನ್ನೆರಡರವರೆಗೆ ಈ ಮಗುವಿಗೆ ಹೊಲ ಎತ್ತಿನ ಕಂಬ. ನೋಡೋಕೆ ಮಣ್ಣು ಮಣ್ಣು. ಎತ್ತಿನ ವಠಾರ ತೆಗೆದ್ರೆ ಹೊಲ, ಮಳೆ, ಒಡವೆ. ಮಳೆ ಸಿಕ್ತಲ್ಲ! ಎತ್ತಿನ ತಿಂಗಳು ಅಂದ್ರೆ ಜನವರಿ, ಹೆಪ್ಪುಗಟ್ಟಿದ ಒದ್ದೆ ಮಣ್ಣು, ಅತಿ ಉರಿಯನ್ನ ಮೆತ್ತಗೆ ತಣಿಸೋಕೆ ಅದಕ್ಕಿಂತ ಒಳ್ಳೇದು ಇಲ್ಲ ಅಂತ ಓದ್ತಾರೆ. ಹನ್ನೆರಡರಿಂದ ಇಪ್ಪತ್ತೆರಡಕ್ಕೆ ಬೆಟ್ಟ ಇಲಿಯ ಕಂಬ. ಇಲಿ ಒಳಗೆ ಬರೀ ಮಳೆ, ಬೇರೇನಿಲ್ಲ, ನೀರು ಧಾರಾಳ, ಆದ್ರೆ ಇಲಿಗೂ ಕುದುರೆಗೂ ಎದುರುಬದುರು. ಹಾಗಾದ್ರೆ ಒಳ್ಳೇದಾ ಕೆಟ್ಟದ್ದಾ? ಇಲ್ಲೇ ಓದುಗರು ಎರಡು ಪಕ್ಷ ಆಗ್ತಾರೆ. ಬಳ್ಳಿ ಮೊಲದ ಮೇಲೆ ಕೂತಿದೆ, ಹುಟ್ಟಿದ್ದು ವಸಂತದಲ್ಲಿ, ಗಟ್ಟಿ ಬಳ್ಳಿ, ಚಳಿ ಬಿಡದ ಫೆಬ್ರವರಿಗೆ ಬಿಸಿಲೇ ಬೇಕು, ಬೆಂಕಿಯನ್ನ ಕೆಡಿಸ್ಬೇಡಿ ಅಂತ ಒಂದು ಪಕ್ಷ. ಕೂಟವೇ ಬೆಂಕಿಯಾಗಿದೆ, ಬಳ್ಳಿ ಒಣಗ್ತಿದೆ, ನೀರು ಬರ್ಲೇಬೇಕು ಅಂತ ಇನ್ನೊಂದು. ಇಬ್ಬರ ಮುಂದೂ ಇರೋದು ಅದೇ ಎಂಟು ಅಕ್ಷರ.

ಲೆಕ್ಕ ಎಲ್ಲಿಗೆ ಮುಗಿಯತ್ತೆ

ನಾನು ಗಮನಿಸಿದ ಹಾಗೆ ಜನಕ್ಕೆ ಗೊಂದಲ ಆಗೋದು ಇಲ್ಲಿ. ಎಂಟು ಅಕ್ಷರ ಯಾವುವು, ಒಳಗೆ ಯಾವ ಕಾಂಡ ಇದೆ, ಯಾವ ಕೂಟ ಆಗಿದೆ, ಇಷ್ಟೂ ಲೆಕ್ಕ. ಒಂದು ಸಲ ಪದ್ಧತಿ ಒಪ್ಕೊಂಡ್ರೆ ಯಾರು ಮಾಡಿದ್ರೂ ಒಂದೇ ಉತ್ತರ. ಗಟ್ಟಿಯೋ ಮೆದುವೋ, ನೀರು ಬೇಕೋ ಬೇಡವೋ, ಇದು ವ್ಯಾಖ್ಯಾನ. ಅಕ್ಷರಕ್ಕೂ ಬದುಕಿಗೂ ಸಂಬಂಧ ಇದೆ ಅನ್ನೋದು ನಂಬಿಕೆ, ಅದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಒಟ್ಟು ಎಷ್ಟು ಬಗೆಯ ಜಾತಕ ಸಾಧ್ಯ ಅಂದ್ರೆ 60 ವರ್ಷ, 12 ತಿಂಗಳು, 60 ದಿನ, 12 ಹೊತ್ತು ಗುಣಿಸಿ, 5,18,400. ಜಗತ್ತಿನ 800 ಕೋಟಿ ಜನರನ್ನ ಅದರಲ್ಲಿ ಹಂಚಿದ್ರೆ ಸರಾಸರಿ ಒಂದೊಂದು ಜಾತಕಕ್ಕೆ 15 ಸಾವಿರ ಜನ ಬರ್ತಾರೆ. ನಮ್ಮ ಪದ್ಧತಿ ಮೇಲೆ ಪುಣೆಯ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಜೊತೆಯವರು ಒಂದು ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದ್ರು, 27 ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು ಇದು ಜಾಣ ವಿದ್ಯಾರ್ಥಿಯದ್ದೋ ಬುದ್ಧಿಮಾಂದ್ಯ ಮಗುವಿನದ್ದೋ ಹೇಳಿ ಅಂದ್ರೆ ಸರಿ ಉತ್ತರ ಸರಾಸರಿ 46 ಶೇಕಡಾ, ನಾಣ್ಯ ಚಿಮ್ಮಿದ್ರೂ ಹತ್ರ ಹತ್ರ ಅಷ್ಟೇ ಬರೋದು.

ಆದ್ರೆ ನಂಬಿಕೆಗೆ ಜನರ ಬದುಕು ಬದಲಾಯಿಸೋ ಶಕ್ತಿ ಇದೆ, ಅದಕ್ಕೆ ಪುರಾವೆ ಹುಡುಕ್ಬೇಕಾಗಿಲ್ಲ. ಜಪಾನಿನಲ್ಲಿ ಬೆಂಕಿ ಕುದುರೆ ವರ್ಷದ ಹೆಣ್ಣು ಗಂಡನ ಆಯಸ್ಸು ತಿಂತಾಳೆ ಅಂತ ಒಂದು ಹಳೇ ಮಾತಿದೆ. 17ನೇ ಶತಮಾನದಲ್ಲಿ ಬೆಂಕಿ ಹಚ್ಚಿದ ಆರೋಪಕ್ಕೆ ಸುಟ್ಟು ಕೊಲ್ಲಲಾದ ಓಶಿಚಿ ಅನ್ನೋ ಎಳೇ ಹುಡುಗಿ ಆ ವರ್ಷದಲ್ಲೇ ಹುಟ್ಟಿದ್ಲು ಅನ್ನೋ ಕತೆ ಇದಕ್ಕೆ ಅಂಟಿಕೊಂಡಿದೆ. 1965ರಲ್ಲಿ ಆ ದೇಶದಲ್ಲಿ ಹುಟ್ಟಿದ ಮಕ್ಕಳು ಸುಮಾರು 18.2 ಲಕ್ಷ. ಬೆಂಕಿ ಕುದುರೆಯ 1966ರಲ್ಲಿ 13.6 ಲಕ್ಷ. ಮುಂದಿನ ವರ್ಷ ಮತ್ತೆ 19.4 ಲಕ್ಷ. ಒಂದೇ ವರ್ಷ ನಾಲ್ಕೂವರೆ ಲಕ್ಷ ಮಕ್ಕಳು ಕಡಿಮೆ. ಅಷ್ಟಕ್ಕೂ ಅದು ವರ್ಷದ ಒಂದೇ ಕಂಬ ನೋಡಿ ಪಟ್ಟ ಭಯ. ಬಾಝಿ ಓದೋರನ್ನ ಕೇಳಿದ್ರೆ ಉಳಿದ ಆರು ಅಕ್ಷರ ನೋಡ್ದೆ ಏನೂ ಹೇಳೋಕಾಗಲ್ಲ ಅಂತಾರೆ, ಆ ಹೆಣ್ಣುಮಕ್ಕಳ ಪಾಲಿಗೆ ಬಂದಿದ್ದು ಆ ಎರಡೇ ಅಕ್ಷರ.

ಹೆಸರು

ಇದನ್ನೆಲ್ಲ ಅಕ್ಕನ ಮಗಳಿಗೆ ವಿಡಿಯೋ ಕಾಲಲ್ಲಿ ಹೇಳಿ ಮುಗಿಸೋ ಹೊತ್ತಿಗೆ ಮಗು ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು. ಚೀನಾದಲ್ಲಿ ಯಾವ ತತ್ವ ಕಡಿಮೆಯೋ ಅದರ ಗುರುತು ಇರೋ ಅಕ್ಷರವನ್ನ ಹೆಸರಲ್ಲಿ ಸೇರಿಸೋ ರೂಢಿ ಇದೆ, ನೀರಿನ ಕೊರತೆ ಅಂದ್ರೆ ಮೂರು ಹನಿಯ ಗುರುತಿರೋ ಅಕ್ಷರ ಇಡ್ತಾರೆ, ಪಕ್ಕದ ಮನೆ ಅಜ್ಜಿಯೂ ಹಾಗೇ ಸಲಹೆ ಕೊಟ್ಟಿದ್ರಂತೆ. ನಾಮಕರಣಕ್ಕೆ ನಾವೆಲ್ಲ ಹೋದಾಗ ಅಜ್ಜಿಯೂ ಬಂದಿದ್ರು, ಹೆಸರು ತುಂಗಾ, ಅದು ಒಂದು ಹೊಳೆ ಹೆಸರು ಅಂತ ಗೊತ್ತಾದಾಗ ಅವರು ಖುಷಿಯಿಂದ ತಲೆ ಆಡಿಸಿದ್ರು. ನಮ್ಮಕ್ಕನ ಮಗಳು ಆ ಹೆಸರು ಯೋಚಿಸಿಟ್ಟಿದ್ದು ಐದನೇ ತಿಂಗಳಲ್ಲೇ. ಅವಳು ಹುಟ್ಟಿ ಬೆಳೆದಿದ್ದು ತೀರ್ಥಹಳ್ಳಿಯಲ್ಲಿ.